ಬೇವಿನ ಗಿಡದ ಕೆಳಗಿನ ದಟ್ಟಣೆ

ಬೇವಿನ ಗಿಡದ ಹತ್ತಿರ ರಸ್ತೆಗೆ ಯಾವ ದೋಷವೂ ಇರಲಿಲ್ಲ. ತಗ್ಗಿಲ್ಲ, ದಿಬ್ಬವಿಲ್ಲ, ತಿರುವಿಲ್ಲ. ಚಹಾದಂಗಡಿಯಿಲ್ಲ, ಪಂಕ್ಚರ್ ತಿದ್ದುವವನಿಲ್ಲ, ನಿಂತು ಕೈಮುಗಿಯಬೇಕಾದ ಗುಡಿಯೂ ಇಲ್ಲ. ಅರ್ಚನಾ ಟೇಪು ಹಿಡಿದು ಓಡಾಡಿ ಇದನ್ನೆಲ್ಲ ಖಾತ್ರಿ ಮಾಡಿಕೊಂಡಿದ್ದಳು. ಆದರೂ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ದಿನಾ ಅಲ್ಲಿಗೇ ಬಂದು ನಿಲ್ಲುತ್ತಿದ್ದವು. ಅವುಗಳ ಬೆನ್ನಿಗೆ ಗಾಡಿಗಳ ಪಾಳಿ ಬೆಳೆದು ಕಾಲುವೆಯ ಸೇತುವೆಯ ಕಡೆಗೆ ಚಾಚುತ್ತಿತ್ತು. ಗಿಡ ದಾಟಿ ಕಾರ್ಖಾನೆಯ ಕಡೆ ಹೋಗುವ ರಸ್ತೆ ಮಾತ್ರ ಗುಡಿಸಿಟ್ಟ ಅಂಗಳದ ಹಾಗೆ ಖಾಲಿ.

ಕಾರಣವಿಲ್ಲದೆ ಹುಟ್ಟುವ ದಟ್ಟಣೆ. ಅವಳ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ನಿಂತದ್ದು ಈ ಮಾತಿನ ಮೇಲೆ. ಹಿಂದಿನ ಅಧ್ಯಾಯಗಳಲ್ಲಿ ಅವಳು ಬೇರೆಯವರು ಹೇಳಿದ್ದನ್ನೇ ಇನ್ನಷ್ಟು ಉದ್ದವಾಗಿ ಹೇಳಿದ್ದಳು. ಪ್ರಬಂಧಗಳಲ್ಲಿ ಅದು ರೂಢಿ. ತನ್ನದು, ಹೊಸದು ಅಂತ ಇದ್ದದ್ದು ಇದೊಂದೇ. ಯುಗಾದಿಯೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು ಎಂದು ವಿಶ್ವವಿದ್ಯಾಲಯ ತಿಳಿಸಿತ್ತು. ಪಿಎಚ್.ಡಿ. ಇಲ್ಲದಿದ್ದರೆ ಬರುವ ವರ್ಷದಿಂದ ಪಾಠವಿಲ್ಲ ಎಂದು ಕಾಲೇಜು ತಿಳಿಸಿತ್ತು. ಎರಡೂ ಕಡೆಯವರು ವಿನಯದಿಂದಲೇ ತಿಳಿಸಿದ್ದರು.

ಅರ್ಚನಾ ಹುಕ್ಕೇರಿಯ ಸೊಸೆ, ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವಾಕೆ, ಮೂಡಲಗಿ ತಾಲೂಕಿನ ಈ ಕಾಲುವೆ ದಂಡೆಯ ಊರಿನ ಮಗಳು. ಕಾಲೇಜಿಗೆ ರಜೆ ಹಾಕಿ, ಈ ಹಂಗಾಮಿನಲ್ಲಿ ಕಬ್ಬು ಸಾಗುವುದನ್ನು ಅಳೆಯಲು ತವರಿಗೆ ಬಂದಿದ್ದಳು. ಕಾಕಾ ಮುರಿಗೆಪ್ಪನ ಮನೆ ರಸ್ತೆಗೆ ಹತ್ತಿಕೊಂಡೇ ಇತ್ತು. ಚಿಗವ್ವ ಗೌರವ್ವ ಮೊದಲ ದಿನವೇ ಬೇವಿನ ಗಿಡದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಬಾಜೂಕ್ಕೆ ನೀರಿನ ತಂಬಿಗೆ ಇಟ್ಟು, ಸಂಶೋಧನೆಗೆ ಬೇಕಾದ ಏರ್ಪಾಡು ಮುಗಿಸಿದ್ದಳು.

"ಅಲ್ಲವಾ, ಕಬ್ಬಿನ ಗಾಡಿ ನೋಡಿಕೋತ ಕುಂತ್ರ ಡಾಕ್ಟರ್ ಅಂತಾರೇನ?" ಎಂದು ಗೌರವ್ವ ಕೇಳಿದ್ದಳು.

"ಗಾಡಿ ಅಲ್ಲ ಚಿಗವ್ವಾ. ಒಂದೊಂದು ಗಾಡಿನೂ ಒಂದೊಂದು ಕಣ ಅಂತ ತಿಳಿಯೂದು. ಕರೆಂಟಿನ ಕಂಬದಿಂದ ಕಂಬಕ್ಕ ಒಂದು ಮನಿ. ಒಂದು ಮನ್ಯಾಗ ಒಂದ ಕಣ. ಮುಂದಿನ ಮನಿ ಖಾಲಿ ಆದ್ರ ಅಷ್ಟ ಮುಂದ ಜಿಗೀಬೇಕು. ಹಿಂದ ಬರಾಂಗಿಲ್ಲ, ದಾಟಿ ಹೋಗಾಂಗಿಲ್ಲ."

"ಮತ್ತ ಗಾಡಿ ಮ್ಯಾಲ ಕುಂತಾಂವ?"

"ಅಂವನ್ನ ಬಿಟ್ಟುಬಿಡೂದು."

"ಅಯ್ಯ, ಪಾಪ," ಎಂದು ಗೌರವ್ವ ಒಲೆಯ ಕಡೆ ಹೋದಳು.

ಹಾದಿಯೂ ಆ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಬ್ಬಿನ ಹೊಲ, ನಡುವೆ ಒಂದೇ ಗಾಡಿ ಹಿಡಿಯುವ ರಸ್ತೆ. ಖಾಲಿಯಾದ ಗಾಡಿಗಳು ಊರಿಗೆ ತಿರುಗಿ ಬರುವುದು ಬೇರೆ ದಾರಿಯಲ್ಲಿ. ಲೋಟದಲ್ಲಿಟ್ಟ ಚಹಾ ಆರಿ ತಣ್ಣಗಾಗಿ ಕೂತರೆ ಅದು ಸಮತೋಲನ. ಅದರ ಮೇಲೆ ದೊಡ್ಡ ದೊಡ್ಡ ಪುಸ್ತಕಗಳಿವೆ. ಕಾರ್ಖಾನೆಯ ಹಾದಿ ಹಾಗೆ ಆರಿ ಕೂಡುವಂಥದ್ದಲ್ಲ. ಒಂದು ತುದಿಗೆ ಕಬ್ಬು ಬಂದು ಬೀಳುತ್ತಲೇ ಇರುತ್ತದೆ, ಇನ್ನೊಂದು ತುದಿಯಲ್ಲಿ ಕಾರ್ಖಾನೆ ನುಂಗುತ್ತಲೇ ಇರುತ್ತದೆ. ಸಮತೋಲನದಿಂದ ಬಹಳ ದೂರ ಇರುವ ಇಂಥ ವ್ಯವಸ್ಥೆಗಳಲ್ಲಿ ಕಣಗಳು ಹೇಗೆ ಸಾಗುತ್ತವೆ ಎಂಬುದೇ ಅರ್ಚನಾಳ ವಿಷಯ. ಅದರಲ್ಲೂ ಅವಳಿಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ: ಗಾಡಿ ಮುಂದಕ್ಕೆ ಜಿಗಿದಾಗಲೆಲ್ಲ ಅದು ಬಿಟ್ಟ ಖಾಲಿ ಜಾಗ ಹಿಂದಕ್ಕೆ ಜಿಗಿಯುತ್ತದೆ. ಇಡೀ ಸಾಲು ಕಾರ್ಖಾನೆಯ ಕಡೆ ಹೊರಟಿದ್ದರೂ ಅದರೊಳಗೆ ಊರ ಕಡೆ ಹೊರಟದ್ದು ಒಂದು ಇದ್ದೇ ಇರುತ್ತದೆ.

ಮೊದಲು ಅವಳು ಸೇತುವೆಯ ಹತ್ತಿರ ಕೂತಿದ್ದಳು. ಅಲ್ಲಿ ದಟ್ಟಣೆಯಾದರೆ ಆಶ್ಚರ್ಯವಿಲ್ಲ, ಸೇತುವೆ ಇಕ್ಕಟ್ಟು. ದೋಷವಿಲ್ಲದ ಜಾಗ ಬೇಕೆಂದು ಬೇವಿನ ಗಿಡದ ಕೆಳಗೆ ಬಂದಳು. ಬಂದ ಮರುದಿನದಿಂದಲೇ ಅಲ್ಲಿ ದಟ್ಟಣೆ ಶುರುವಾಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಗಂಡ ಶಿವಕುಮಾರನಿಗೆ ಫೋನು ಮಾಡಿ, ಏನಾಯಿತೆಂದು ಹೇಳದೆ, "ಆತು, ಆತು" ಎಂದಷ್ಟೇ ಕೂಗಿದ್ದಳು. ಅವನು ಪಾಪ ಬೇರೆ ಏನೋ ತಿಳಿದುಕೊಂಡು ತಾಯಿಗೆ ಹೇಳಿಬಿಟ್ಟಿದ್ದ. ಅದನ್ನು ತಿದ್ದಲು ಎರಡು ಫೋನು ಬೇಕಾದವು.

ಗಾಡಿಯವರು ನಿಂತಾಗ ಮಾತಾಡಿಸುತ್ತಿದ್ದರು, ಅದೇನೋ ಖರೆ. ಟ್ರ್ಯಾಕ್ಟರಿನ ಖಂಡೆಪ್ಪ ಸ್ಟಿಯರಿಂಗ್ ಮೇಲೆ ಮೊಣಕೈ ಊರಿ, "ಊಟ ಆತೇನವಾ? ಯಾವಾಗ ಬಂದಿ? ಅತ್ತಿ ಆರಾಮ ಅದಾರೇನ?" ಎನ್ನುತ್ತಿದ್ದ. ನಿನ್ನೆಯೂ ಅದನ್ನೇ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಅತ್ತೆ ದಿನದಿಂದ ದಿನಕ್ಕೆ ಬದಲಾಗುವಂಥವರಲ್ಲ. ಆದರೆ ಕೇಳದೆ ಹೋಗುವುದು ಹೇಗೆ? ಚಕ್ಕಡಿಯ ಮುದುಕ ಪರಪ್ಪ ಎತ್ತುಗಳನ್ನು ಹಿಡಿದು ನಿಲ್ಲಿಸಿ, ಅವಳ ಅಜ್ಜನ ಕಾಲದಿಂದ ಸುರು ಮಾಡುತ್ತಿದ್ದ. ಕಬ್ಬು ಕಡಿಯುವ ಹೆಣ್ಣುಮಕ್ಕಳು ಟ್ರೇಲರಿನ ಮೇಲಿಂದಲೇ ಒಂದು ಗಳ ಕಬ್ಬು ಇಳಿಬಿಟ್ಟು, "ತಿನ್ನ ತಂಗಿ, ಸೊರಗೀ" ಎನ್ನುತ್ತಿದ್ದರು. ಅರ್ಚನಾ ನಗುತ್ತ ಉತ್ತರ ಕೊಡುತ್ತಿದ್ದಳು. ಗಾಡಿ ನಿಂತಿದೆ, ಮಾತಾಡುತ್ತಾರೆ, ಅದರಲ್ಲೇನು?

ಅಷ್ಟೇ ಅಲ್ಲ, ಹಿಂದಿನವರಾರೂ ಹಾರ್ನ್ ಹೊಡೆಯುತ್ತಿರಲಿಲ್ಲ. ಇದನ್ನವಳು ಅಧ್ಯಾಯದಲ್ಲಿ ಪುರಾವೆಯಾಗಿ ಬರೆದಿದ್ದಳು: ಯಾರೊಬ್ಬನೂ ಅಡ್ಡಗಟ್ಟಿದ್ದರೆ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಹೊಡೆದಿಲ್ಲ, ಆದ್ದರಿಂದ ಇದು ಯಾರೂ ಮಾಡದ, ತಾನಾಗಿ ಹುಟ್ಟಿದ ದಟ್ಟಣೆ. ಅವಳ ಮಾರ್ಗದರ್ಶಕ ಡಾ. ಭೀಮೇಶ ಈ ವಾಕ್ಯದ ಬದಿಗೆ 'ಚೆನ್ನಾಗಿದೆ' ಎಂದು ಬರೆದಿದ್ದರು. ಅವರು ಬರೆದ ಎರಡನೆಯ 'ಚೆನ್ನಾಗಿದೆ' ಅದು. ಮೊದಲನೆಯದು ಮುಖಪುಟದ ಅಕ್ಷರಗಳಿಗೆ. ದೊಡ್ಡ ಸಮ್ಮೇಳನವೊಂದಕ್ಕೆ ಸಾರಾಂಶವನ್ನೂ ಕಳಿಸಿ ಕೂತಿದ್ದರು.

ಬಸುರಿ ನಾದಿನಿ ಭಾಗ್ಯಾಳ ಕುಬಸದ ಶಾಸ್ತ್ರಕ್ಕೆ ಅರ್ಚನಾ ಹುಕ್ಕೇರಿಗೆ ಹೋಗಬೇಕಾಯಿತು. ಒಂದು ದಿನದ ಮಾಹಿತಿ ತಪ್ಪಬಾರದೆಂದು ಹಳೆಯ ಫೋನೊಂದನ್ನು ಕಾಕಾನ ಮಾಳಿಗೆಯ ಮೇಲೆ, ನೀರಿನ ಟಾಕಿಗೆ ಕಟ್ಟಿ, ರಸ್ತೆ ಕಾಣುವಂತೆ ಇಟ್ಟು ಹೋದಳು. ತಿರುಗಿ ಬಂದು ವಿಡಿಯೊ ನೋಡಿದಳು. ಗಾಡಿಗಳು ಬಂದವು, ಹೋದವು. ಖಾಲಿ ಕುರ್ಚಿಯ ಮುಂದೆ ಒಂದೂ ನಿಲ್ಲಲಿಲ್ಲ. ಸೇತುವೆಯಲ್ಲಿ ಎಂದಿನಂತೆ ಇಕ್ಕಟ್ಟು, ಕಾರ್ಖಾನೆಯ ಗೇಟಿನಲ್ಲೂ ಎಂದಿನಂತೆ ಪಾಳಿ ಇತ್ತೆಂದು ಕಾಕಾ ಹೇಳಿದ. ಬೇವಿನ ಗಿಡದ ಹತ್ತಿರ ಏನೂ ಇಲ್ಲ.

ಮರುದಿನ ಅವಳು ಕುರ್ಚಿಯಲ್ಲಿ ಕೂತು, ಫೋನನ್ನು ಮಾಳಿಗೆಯ ಮೇಲೆಯೇ ಬಿಟ್ಟಳು. ಮಧ್ಯಾಹ್ನ ಮೇಲೆ ಹತ್ತಿ ಆ ವಿಡಿಯೊ ನೋಡಿದಳು. ಮೇಲಿಂದ ನೋಡಿದರೆ ಎಲ್ಲ ಬೇರೆ. ಖಂಡೆಪ್ಪ ಬರುತ್ತಾನೆ. ಅವನ ಮುಂದೆ ಹಾದಿ ಸ್ವಚ್ಛ ಖಾಲಿ. ಆದರೂ ನಿಲ್ಲಿಸುತ್ತಾನೆ. ಕುರ್ಚಿಯಲ್ಲಿದ್ದವಳು ಮುಖ ಎತ್ತುತ್ತಾಳೆ. ಹಿಂದೆ ಗಾಡಿ, ಅದರ ಹಿಂದೆ ಗಾಡಿ. ಮಾತಾಡಿಸುವವರ ಮುಖ ನೋಡುವುದು ಮರ್ಯಾದೆ. ಆ ಮರ್ಯಾದೆಯಲ್ಲಿ ಅವಳು ಒಂದು ದಿನವೂ ಮುಂದಿನ ರಸ್ತೆಯ ಕಡೆ ಕತ್ತು ಹೊರಳಿಸಿರಲಿಲ್ಲ. ಗ್ರಾಫಿನಲ್ಲಿ ಆ ಖಾಲಿ ಜಾಗವಿತ್ತು. ಅದಕ್ಕೊಂದು ಗ್ರೀಕ್ ಅಕ್ಷರವನ್ನೂ ಇಟ್ಟಿದ್ದಳು.

ಗಾಡಿ ನಿಂತದ್ದಕ್ಕೆ ಅವರು ಮಾತಾಡಿರಲಿಲ್ಲ. ಮಾತಾಡಲಿಕ್ಕೆ ಗಾಡಿ ನಿಲ್ಲಿಸಿದ್ದರು.

ಅವಳು ಕೆಳಗಿಳಿದು ಬಂದು ಮುರಿಗೆಪ್ಪನನ್ನು ಕೇಳಿದಳು: "ಕಾಕಾ, ಹಿಂದ ನಿಂತಾವ್ರು ಹಾರ್ನ್ ಯಾಕ ಹೊಡ್ಯಾಂಗಿಲ್ಲ?"

ಮುರಿಗೆಪ್ಪ ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದ. "ಮುಂದಿನಾಂವ ಊರ ಮಗಳಿಗೆ ಆರಾಮೇನು ಅಂತ ಕೇಳಾಕತ್ತಾನ. ಅಂಥಾದ್ರಾಗ ಪೋಂ ಪೋಂ ಅಂತ ಹೊಡದ್ರ ಮನಷ್ಯಾ ಅಂತಾರೇನು?"

ಅರ್ಚನಾ ಹೊಸ್ತಿಲ ಮೇಲೆ ಕೂತಳು. ಅವಳ ಪುರಾವೆ ಹೋಯಿತು.

ಒಂದು ಕೊನೆಯ ಉಪಾಯ ಉಳಿದಿತ್ತು. ಕುರ್ಚಿಯಲ್ಲಿ ಕೂತೇ ಯಾರಿಗೂ ಉತ್ತರ ಕೊಡದಿದ್ದರೆ? ಆಗ ಗಾಡಿ ಮುಂದೆ ಸಾಗಿದರೆ, ಉಳಿದ ದಿನಗಳ ಮಾಹಿತಿಯಿಂದ ಮಾತಿನ ಹೊತ್ತನ್ನು ಕಳೆದು ಏನಾದರೂ ಉಳಿಸಿಕೊಳ್ಳಬಹುದಿತ್ತು. ಮರುದಿನ ಖಂಡೆಪ್ಪ ಬಂದಾಗ ಅವಳು ತಲೆ ತಗ್ಗಿಸಿ ಕಾಗದ ನೋಡುತ್ತ ಕೂತಳು. "ಊಟ ಆತೇನವಾ?" ಉತ್ತರವಿಲ್ಲ. ಇಷ್ಟು ದಿನ ಇಂಜಿನ್ ಚಾಲೂ ಇಟ್ಟೇ ಮಾತಾಡುತ್ತಿದ್ದ ಖಂಡೆಪ್ಪ ಈಗ ಬಂದ್ ಮಾಡಿ ಕೆಳಗಿಳಿದ.

"ಯಾಕವಾ? ಹುಕ್ಕೇರ್ಯಾಗ ಏನರ ಆತೇನ?"

"ಏನಿಲ್ಲಣ್ಣಾ. ನೀವು ಹೋಗ್ರಿ, ಹಿಂದ ಪಾಳಿ ಐತಿ."

"ಪಾಳಿ ಎಲ್ಲಿ ಹೊಕ್ಕೈತಿ, ಇರ್ತೈತಿ. ನಿನ್ನ ಮಾರಿ ಹಿಂಗ್ಯಾಕ ಆಗೈತಿ ಹೇಳು. ಶಿವಕುಮಾರ ಏನರ ಅಂದನೇನ?"

"ಅಂವ ಯಾಕ ಅಂತಾನ?"

"ಮತ್ತ ಅತ್ತಿ?"

ಹಿಂದಿನ ಟ್ರ್ಯಾಕ್ಟರ್ ಹೊಡೆಯುವ ಯಲ್ಲಾರಿ ಇಳಿದು ಬಂದ. ಕಬ್ಬು ಕಡಿಯುವ ಹೆಣ್ಣುಮಗಳೊಬ್ಬಳು ಇಳಿದು ಬಂದು ಅರ್ಚನಾಳ ಹಣೆ ಮುಟ್ಟಿ, "ಜ್ವರ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಪರಪ್ಪ ಎತ್ತಿನ ಕೊರಳು ತಡವುತ್ತ, "ಓದಿ ಓದಿ ಹಿಂಗಾಗೈತಿ. ಒಂದೀಟು ಬೆಲ್ಲಾ ನೀರು ಕೊಡ್ರಿ," ಎಂದ. ಆ ದಿನ ಪಾಳಿ ಸೇತುವೆ ದಾಟಿ ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಒಂದು ಹಾರ್ನೂ ಕೇಳಲಿಲ್ಲ.

ಸಂಜೆಗೆ ಅವಳು ಭೀಮೇಶ ಸರ್‌ಗೆ ಫೋನು ಮಾಡಿ ಎಲ್ಲ ಹೇಳಿದಳು.

"ನೋಡಮ್ಮ," ಎಂದರು ಅವರು. ಅವರ ಕನ್ನಡ ಇಸ್ತ್ರಿ ಹಾಕಿದ ಅಂಗಿಯಂತೆ, ಎಲ್ಲೂ ಸುಕ್ಕಿಲ್ಲ. "ಒಂದು ದಿನ ದಟ್ಟಣೆ ಕಾಣಲಿಲ್ಲ ಅಂದರೆ ಅದು ಅಪವಾದ. ಅಡಿಟಿಪ್ಪಣಿಯಲ್ಲಿ ಹಾಕಿ ಮುಗಿಸಿಬಿಡು."

"ಸರ್, ಆ ದಿನ ಅಪವಾದ ಅಲ್ಲ. ಉಳಿದ ದಿನಗಳೇ ಅಪವಾದ. ಆ ಎಲ್ಲ ದಿನವೂ ನಾನಿದ್ದೆ."

"ಸಾರಾಂಶ ಕಳಿಸಿಯಾಗಿದೆ, ಅರ್ಚನಾ."

"ಕಾರಣವಿಲ್ಲದೆ ಅಂತ ಕಳಿಸಿದ್ದೀವಿ ಸರ್. ಕಾರಣ ಕುರ್ಚಿಯಲ್ಲಿ ಕೂತಿತ್ತು."

"ಯುಗಾದಿಗೆ ನಿನ್ನ ನೋಂದಣಿ ಮುಗಿಯುತ್ತದೆ. ಅದು ಗೊತ್ತಿದ್ದೂ ಹೇಳುತ್ತಿದ್ದೀಯ?"

"ಗೊತ್ತಿದ್ದೂ ಹೇಳ್ತಿದ್ದೀನಿ ಸರ್." ಇಷ್ಟು ವರ್ಷ ಬಸ್ಸಿನಲ್ಲಿ ಕೂತು, ಒಲೆಯ ಮುಂದೆ ನಿಂತು ಬರೆದ ಪ್ರಬಂಧ ಅದು.

"ನಾನೇ ಬಂದು ಕೂರುತ್ತೇನೆ. ದಟ್ಟಣೆ ಆದರೆ ನಿನ್ನ ಅಧ್ಯಾಯ ಇದ್ದಂತೆಯೇ ಹೋಗುತ್ತದೆ. ಆ ರಸ್ತೆಯಲ್ಲಿ ನನ್ನನ್ನು ಯಾರು ಮಾತಾಡಿಸುತ್ತಾರೆ?"

ರೈಲಿನಿಂದ ಘಟಪ್ರಭಾದಲ್ಲಿಳಿದು, ಅಲ್ಲಿಂದ ಬಸ್ ಹಿಡಿದು ಅವರು ಬಂದೇ ಬಂದರು. ತಲೆಗೆ ಟೊಪ್ಪಿಗೆ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಅರ್ಚನಾ ಮಾಳಿಗೆ ಹತ್ತಿ ಫೋನಿನ ಹಿಂದೆ ಕೂತಳು. ಮುಂಜಾನೆಯೆಲ್ಲ ಗಾಡಿಗಳು ಸರಾಗ ಹೋದವು. ಸರಾಗ ಏನು, ಓಡಿಯೇ ಹೋದವು. ಖಂಡೆಪ್ಪ ಕತ್ತನ್ನು ಗೂಟಕ್ಕೆ ಕಟ್ಟಿದವನಂತೆ ನೆಟ್ಟಗೆ ಇಟ್ಟುಕೊಂಡು ದಾಟಿದ.

"ಹೇರಿದ್ದು ಜಾಸ್ತಿ ಆಗೈತಿ ಅಂತ ಕೇಸ್ ಹಾಕಾಕ ಬಂದಾರ ಅಂತ ತಿಳದಾರ," ಎಂದು ಮುರಿಗೆಪ್ಪ ಮಾಳಿಗೆಯ ಮೇಲೆ ಚಹಾ ತಂದು ಕೊಟ್ಟು ವಿವರಿಸಿದ.

ಆಮೇಲೆ ಪರಪ್ಪನ ಚಕ್ಕಡಿ ಬಂತು. ಪರಪ್ಪನಿಗೆ ಕೇಸಿನ ಭಯವಿರಲಿಲ್ಲ. ಎತ್ತಿನ ಗಾಡಿಯ ಮೇಲೆ ಕೇಸು ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಬಿಸಿಲಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ಕೂತದ್ದು ಕಂಡು ಎತ್ತು ನಿಲ್ಲಿಸಿದ. ಕೆಳಗಿನ ಮಾತು ಮಾಳಿಗೆಗೆ ಸ್ಪಷ್ಟ ಕೇಳುತ್ತಿತ್ತು.

"ಯಾವೂರವ್ರಿ?"

"ನಾನು ವಿಶ್ವವಿದ್ಯಾಲಯದಿಂದ ಬಂದಿದ್ದೇನೆ."

"ಅದು ನೌಕರಿ ಆತ್ರಿ. ಊರು ಯಾವುದು?"

ಭೀಮೇಶ ಸರ್ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ಊರು ಅಂದರೆ... ಮೂಲ ಕಣಗಲಾ."

ಮಾಳಿಗೆಯ ಮೇಲೆ ಅರ್ಚನಾ ಚಹಾದ ಲೋಟ ಕೆಳಗಿಟ್ಟಳು. ಕಣಗಲಾ ಎಂದರೆ ಹುಕ್ಕೇರಿ ತಾಲೂಕು, ಅವಳ ಗಂಡನ ಮನೆಯ ಕಡೆ. ಇಷ್ಟು ವರ್ಷ ಅವರ ಕೈಕೆಳಗೆ ಓದಿದವಳು ಒಂದು ದಿನವೂ ಅವರ ಊರು ಕೇಳಿರಲಿಲ್ಲ.

"ಕಣಗಲಾ!" ಪರಪ್ಪ ಗಾಡಿಯಿಂದ ಇಳಿದೇಬಿಟ್ಟ. "ನನ್ನ ತಂಗೀನ ಅಲ್ಲೇ ಕೊಟ್ಟೇವ್ರಿ. ಹೈವೇ ಬಾಜೂಕ, ಹಳೇ ಬಾವಿ ಕಡೆ. ನೀವು ಯಾರ ಪೈಕಿ?"

"ಹಳೇ ಬಾವಿ ಕಡೆ... ಅಲ್ಲವ್ವನ ಮನೆಯೇ?"

"ಅಕೀನ ನಮ್ಮ ತಂಗಿ!"

"ಅಯ್ಯ, ನಮ್ಮ ಮನಿಗೂ ಅವ್ರ ಮನಿಗೂ ನಡು ಒಂದ ಗ್ವಾಡಿ! ಅವ್ರ ಗಿಡದ ಪ್ಯಾರಲಕಾಯಿ ಕದ್ದು ತಿಂದೇನಿ ನಾ. ಬಡಿಗಿ ತಗೊಂಡು ಬೆನ್ನ ಹತ್ತಿದ್ಳು ನಿಮ್ಮ ತಂಗಿ. ಹೆಂಗ ಅದಾಳ ಈಗ?"

ಮಾತಿನ ಇಸ್ತ್ರಿ ಕಳಚಿಬಿದ್ದಿತ್ತು. ಭೀಮೇಶ ಸರ್ ಕುರ್ಚಿ ಬಿಟ್ಟೆದ್ದು ಎತ್ತಿನ ಮೈಮೇಲೆ ಕೈಯಿಟ್ಟು ನಿಂತು, ಅಲ್ಲವ್ವನ ಮೊಣಕಾಲು ನೋವು, ಅವಳ ಮೊಮ್ಮಗಳ ಮದುವೆ, ಬಾವಿ ಮುಚ್ಚಿ ಅಲ್ಲಿ ಕಟ್ಟಿದ ಅಂಗಡಿ, ಒಂದೊಂದಾಗಿ ಕೇಳುತ್ತಿದ್ದರು. ಹಲಗೆ ಕುರ್ಚಿಯ ಮೇಲೆ ಮಕಾಡೆ ಬಿದ್ದಿತ್ತು. ಚಕ್ಕಡಿಯ ಹಿಂದೆ ಟ್ರ್ಯಾಕ್ಟರ್, ಅದರ ಹಿಂದೆ ಇನ್ನೊಂದು. ಹಿಂದಿನವರು ಇಂಜಿನ್ ಬಂದ್ ಮಾಡಿ, ಇಳಿದು, ಏನು ಸುದ್ದಿ ಎಂದು ಮುಂದಿನವರನ್ನು ಕೇಳಿ, ತಮ್ಮ ಹಿಂದಿನವರಿಗೆ ಹೇಳುತ್ತಿದ್ದರು. ಮುಂದೆ ರಸ್ತೆ ಹಸನಾಗಿ ಖಾಲಿ. ಅರ್ಚನಾ ಕರೆಯಲಿಲ್ಲ. ಫೋನು ತನ್ನ ಕೆಲಸ ಮಾಡುತ್ತಿತ್ತು.

ಊಟದ ಹೊತ್ತಿಗೆ ಅವರು ಒಳಗೆ ಬಂದು, "ನೋಡಿದೆಯಾ? ದಟ್ಟಣೆ ಆಯಿತು. ನೀನಿರಲಿಲ್ಲ," ಎಂದರು ಗೆದ್ದವರಂತೆ.

ಅವಳು ವಿಡಿಯೊ ಹಾಕಿಕೊಟ್ಟಳು. ಭೀಮೇಶ ಸರ್ ಕನ್ನಡಕ ಏರಿಸಿ ನೋಡಿದರು. ಪರದೆಯ ಮೇಲೆ ಟೊಪ್ಪಿಗೆಯವನೊಬ್ಬ ಬಡಿಗೆ ಬೀಸುವುದನ್ನು ಕೈಮಾಡಿ ತೋರಿಸುತ್ತಿದ್ದ. ಅವನ ಬೆನ್ನ ಹಿಂದೆ ಕಬ್ಬು ಸೇತುವೆಯತನಕ ನಿಂತಿತ್ತು. ಅವರು ಅದನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದರು.

ಗೌರವ್ವ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಭೀಮೇಶ ಸರ್ ಒಂದು ರೊಟ್ಟಿ ಮುಗಿಸಿದರು.

"'ಕಾರಣವಿಲ್ಲದೆ' ಅನ್ನೂದು ತಗದ ಹಾಕು," ಎಂದರು ಕೊನೆಗೆ. "ಸಾರಾಂಶ ನಾ ವಾಪಸ್ ತಗೋತೇನಿ."

"ಮತ್ತ ಉಳಿಯೂದೇನ್ರಿ ಸರ್?"

"ಒಂದು ನಿಧಾನದ ಮನಿ. ಅಲ್ಲಿ ಬಂದ ಕಣ ತಡದು ಹೊಕ್ಕೈತಿ. ಅದು ಎಲ್ಲಾರಿಗೂ ಗೊತ್ತಿದ್ದದ್ದ."

"ಅಂದ್ರ ಯುಗಾದಿಗೆ ಆಗೂದಿಲ್ಲ."

"ಆಗೂದಿಲ್ಲ."

ಗೌರವ್ವ ಇಬ್ಬರ ಮುಖ ನೋಡಿ, ಇಬ್ಬರ ತಾಟಿಗೂ ಒಂದೊಂದು ರೊಟ್ಟಿ ಹಾಕಿದಳು.

ಭೀಮೇಶ ಸರ್ ರೊಟ್ಟಿ ಮುರಿದು ಹಿಂಡಿಗೆ ಅದ್ದಿ, ಬಾಯಿಗಿಡದೆ ಹಿಡಿದುಕೊಂಡೇ ಕೂತರು. "ಆದರ ಒಂದು ನೋಡು. ಆ ಮನಿ ಎಲ್ಲಾರಿಗೂ ಒಂದ ಸಮ ನಿಧಾನ ಇಲ್ಲ. ಮುಂಜಾನಿ ನಾ ಯಾರೂ ಅಲ್ಲ, ಗಾಡಿ ಓಡಿ ಹೋದೂವು. ಪರಪ್ಪಗ ಗುರುತು ಹತ್ತಿತು, ನಿಂತ. ಎಷ್ಟು ಗುರುತೋ ಅಷ್ಟು ನಿಧಾನ. ಹಾದಿ ದೋಷ ಅಲ್ಲ ಅದು, ಕಣದ ದೋಷನೂ ಅಲ್ಲ. ಎರಡರ ನಡು ಇರೂದು. ಅದನ್ನ ಲೆಕ್ಕದಾಗ ಹೆಂಗ ಹಿಡಿಯೂದು ಅಂತ ಯಾರೂ ಬರದದ್ದು ನನಗ ಗೊತ್ತಿಲ್ಲ."

"ಗಾಡಿ ಮ್ಯಾಲ ಕುಂತಾವನ್ನ ಬಿಟ್ಟಿದ್ದೆ ನಾ," ಎಂದಳು ಅರ್ಚನಾ.

"ನಾನೂ ಬಿಟ್ಟಿದ್ದೆ. ಅದನ್ನ ಅಳಿಯಾಕ ಮತ್ತೊಂದು ಹಂಗಾಮು ಬೇಕು. ಅವಧಿ ಕೊಡ್ರಿ ಅಂತ ನಾ ಬರೀತೇನಿ. ಕೊಡ್ತಾರೋ ಇಲ್ಲೋ, ಹೇಳಾಕ ಬರೂದಿಲ್ಲ."

"ಕೊಡದಿದ್ರ?"

ಅವರು ಹಿಡಿದ ತುತ್ತನ್ನು ಬಾಯಿಗಿಟ್ಟರು. ಅರ್ಚನಾ ಪಲ್ಯ ಹಾಕಿಸಿಕೊಂಡಳು. ಹೋಗುವುದೆಲ್ಲ ಹೋಗಿಯಾಗಿತ್ತು, ಕಾಲೇಜಿಗೆ ಏನು ಹೇಳಬೇಕು, ಶಿವಕುಮಾರನಿಗೆ ಏನು ಹೇಳಬೇಕು ಎಂಬುದಿನ್ನೂ ಬಾಕಿ. ಆದರೆ ಊಟ ರುಚಿಸುತ್ತಿತ್ತು. ಹುಕ್ಕೇರಿಯಿಂದ ಬಂದಾಗಿನಿಂದ ರುಚಿಸಿರಲಿಲ್ಲ. ಅವಳಿಗೇ ಗೊತ್ತಿಲ್ಲದೆ ಅವಳ ತಲೆ ಆಗಲೇ, ಪರಪ್ಪನಿಗೊಂದು ಅಕ್ಷರ, ಖಂಡೆಪ್ಪನಿಗೊಂದು ಅಕ್ಷರ ಎಂದು ಸಮೀಕರಣ ಹೂಡತೊಡಗಿತ್ತು.

ಮಧ್ಯಾಹ್ನದ ಬಸ್ ಘಟಪ್ರಭಾಕ್ಕೆ ಹೋಗುವುದು ಇದೇ ರಸ್ತೆಯಲ್ಲಿ. ಅವರಿಬ್ಬರೂ ಗಿಡದ ಕೆಳಗೆ ನಿಂತು ಕಾದರು. ಬಸ್ ಎಷ್ಟು ಹೊತ್ತಾದರೂ ಬರಲಿಲ್ಲ.

"ಯಾಕ ತಡಾ?" ಎಂದು ಭೀಮೇಶ ಸರ್ ಗಡಿಯಾರ ನೋಡಿಕೊಂಡರು. "ರೈಲು ತಪ್ಪತೈತಿ."

"ಪಾಳ್ಯಾಗ ಸಿಕ್ಕಿರಬೇಕ್ರಿ ಸರ್," ಎಂದಳು ಅರ್ಚನಾ. ಯಾರು ಮಾಡಿದ ಪಾಳಿ ಎಂದು ಹೇಳಲಿಲ್ಲ.

ಕಬ್ಬಿನ ಗಾಡಿಗಳ ಹಿಂದೆ ಹಿಂದೆಯೇ ತೆವಳುತ್ತ ಬಸ್ ಬಂತು. ಡ್ರೈವರನನ್ನು ಅವರಿಬ್ಬರೂ ಎಂದೂ ಕಂಡಿರಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಹಾಕಿ ನಕ್ಕ.

"ಬರ್ರಿ ಸರ್. ಪ್ಯಾರಲಕಾಯಿ ಕದ್ದಾವ್ರು ನೀವ ಅಲ್ರಿ? ಕಣಗಲಾದಾವ್ರು?"

ಗಾಡಿಗಳೆಲ್ಲ ಕಾರ್ಖಾನೆಯ ಕಡೆ ಸಾಗುತ್ತಿದ್ದಾಗ ಸುದ್ದಿ ಒಂದೊಂದೇ ಗಾಡಿ ಹಾರಿ ಹಿಂದಕ್ಕೆ, ಸೇತುವೆ ದಾಟಿ, ಬಸ್ಸಿನವರೆಗೆ ಹೋಗಿ ಮುಟ್ಟಿತ್ತು. ಅರ್ಚನಾ ಮುಂದಿನ ರಸ್ತೆಯ ಕಡೆ ನೋಡಿದಳು. ಖಾಲಿಯಾಗುತ್ತಿತ್ತು.

ಭೀಮೇಶ ಸರ್ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ರೈಲನ್ನು ಒಂದು ಗಳಿಗೆ ನೆನೆದವರಂತೆ ಗಡಿಯಾರ ನೋಡಿ, ಆಮೇಲೆ ಕೇಳಿದರು: "ಹೌದ್ರಿ, ನಾನ. ನಿಮ್ಮದು ಯಾವೂರು?"

"ನಮ್ಮದು ದಡ್ಡಿ ಅಂತ ಊರ್ರಿ, ನಿಮ್ಮ ಹುಕ್ಕೇರಿ ತಾಲೂಕ," ಎಂದ ಡ್ರೈವರ್, ಮತ್ತು ಕೈ ಚಾಚಿ ಇಂಜಿನ್ ಬಂದ್ ಮಾಡಿದ.